ತೊಟ್ಟಿ ಮನೆಗೆ ಎರಡು ಕೋಣೆ ಸೇರಿಸುವ ಮುನ್ನ

"ಹಿಂದುಗಡೆ ಎರಡು ಕೋಣೆ, ಒಂದು ಬಾತ್‌ರೂಮು. ಅಷ್ಟೇ ಸರ್. ನೀವು ಪ್ಲಾನ್ ಹಾಕಿಕೊಟ್ಟರೆ ನಾಳೆನೇ ಪಂಚಾಯ್ತಿಗೆ ಕೊಡ್ತೀನಿ."

ಸಾಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ಹೀಗೆ ಹೇಳಿದಾಗ, ಈ ಮನೆ ಯಾವ ಸರ್ವೆ ನಂಬರಿನಲ್ಲಿದೆ ಎಂದು ಕೇಳಿದೆ. "ಅಜ್ಜ ಕಟ್ಟಿಸಿದ ಮನೆ ಸರ್, ಇಲ್ಲೇ ಇದೆಯಲ್ಲ" ಅಂದರು. ಪಹಣಿ ತೆಗೆಸಿ ನೋಡಿದೆವು. ಮನೆ ನಿಂತಿರುವ ಜಾಗ ದಾಖಲೆಯಲ್ಲಿ ಬಾಗಾಯ್ತು, ಅಂದರೆ ತೋಟದ ಜಮೀನು. ಕೊಟ್ಟಿಗೆ ಪಕ್ಕದ ನಂಬರಿನಲ್ಲಿದೆ, ಅದು ಚಿಕ್ಕಪ್ಪನ ಪಾಲು. ಪಂಚಾಯ್ತಿಯ ತೆರಿಗೆ ಪುಸ್ತಕದಲ್ಲಿ ಇದ್ದದ್ದು ಉಪ್ಪರಿಗೆ ಕಟ್ಟುವುದಕ್ಕೂ ಮೊದಲಿನ ಸಣ್ಣ ಮನೆಯ ಅಳತೆ. ಕಣ್ಣೆದುರಿನ ಮನೆ ಒಂದು, ಕಾಗದದ ಮನೆ ಇನ್ನೊಂದು. ಮಲೆನಾಡಿನ ಹಳೆ ಮನೆಗಳಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಅದಕ್ಕೇ ನನ್ನ ಮಾತು ಇಷ್ಟೇ. ಹೊಸ ಕೋಣೆಯ ನಕ್ಷೆ ಆಮೇಲೆ. ಮೊದಲು ಹಳೆ ಮನೆಯನ್ನು ಕಾಗದಕ್ಕೆ ತನ್ನಿ.

ಹೆಬ್ಬಾಗಿಲು, ಜಗುಲಿ, ತೊಟ್ಟಿ, ಅಡುಗೆಮನೆ, ಬಚ್ಚಲು, ಕೊಟ್ಟಿಗೆ ಎಲ್ಲವನ್ನೂ ಟೇಪು ಹಿಡಿದು ಅಳೆಸಿ. ಗೋಡೆ ಎಷ್ಟು ದಪ್ಪ, ಸೂರು ಎಷ್ಟು ಹೊರಗೆ ಚಾಚಿದೆ, ಅದೂ ಬರಲಿ. ಗಡಿ ಅನುಮಾನವಿದ್ದರೆ ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಸರ್ವೆಯಿಂದ ಗಡಿ ಗುರುತಿಸಿಕೊಡಲು, ಅರ್ಜಿ ಹಾಕಿ. ಸರ್ವೆಯವರು ಬರಲು ತಡವಾಗುತ್ತದೆ, ನಿಜ. ಆದರೆ ಪಾಯ ತೋಡಿದ ಮೇಲೆ ಗಡಿ ತಕರಾರು ಎದ್ದರೆ ಆಗುವ ತಡಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ಮನೆ ಗ್ರಾಮಠಾಣಾ (ದಾಖಲೆಯಲ್ಲಿ ಊರಿನ ವಾಸಕ್ಕೆಂದು ಗುರುತಿಸಿದ ಜಾಗ) ಒಳಗಿದ್ದರೆ ದಾರಿ ಸುಲಭ. ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಎಂಬ ಆಸ್ತಿ ಪತ್ರಗಳನ್ನು ತೆಗೆಸಿ, ನಕ್ಷೆ ಜೋಡಿಸಿ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಅರ್ಜಿ ಕೊಡಬೇಕು. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ಹೊಸ ಮನೆಗೆ ಮಾತ್ರವಲ್ಲ, ಇದ್ದ ಮನೆಯನ್ನು ಬದಲಿಸಲು, ಅದಕ್ಕೆ ಸೇರಿಸಲು ಕೂಡ ಪಂಚಾಯ್ತಿಯ ಲಿಖಿತ ಅನುಮತಿ ಬೇಕು. "ನಮ್ಮ ಮನೆಗೆ ನಾವು ಕೋಣೆ ಕಟ್ಟೋಕೆ ಯಾರ ಪರ್ಮಿಶನ್ನು?" ಎಂದು ಸುಮ್ನೆ ಕಟ್ಟಿದವರು ಬ್ಯಾಂಕ್ ಸಾಲಕ್ಕೆ ಹೋದಾಗ ಸಿಕ್ಕಿಕೊಳ್ಳುತ್ತಾರೆ.

ಕಷ್ಟ ಇರುವುದು ತೋಟದ ನಡುವಿನ ಒಂಟಿ ಮನೆಗಳಿಗೆ. ನಮ್ಮ ಕಡೆ ಇವೇ ಜಾಸ್ತಿ. 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ರೈತನಿಗೆ ತನ್ನ ಜಮೀನಿನಲ್ಲಿ ಕೃಷಿ ಕಟ್ಟಡ ಕಟ್ಟುವ ಹಕ್ಕು ಕೊಟ್ಟಿದೆ. ಗೊಬ್ಬರ, ಹುಲ್ಲು, ದನ, ಬೆಳೆ ಇಡುವ ಕಟ್ಟಡದ ಜೊತೆ ರೈತನ ಮನೆಯವರು ವಾಸಿಸುವ ಕಟ್ಟಡವೂ ಇದರಲ್ಲಿ ಸೇರುತ್ತದೆ. ಹಿಡುವಳಿಯ ಶೇಕಡಾ 10ನ್ನು ಅದು ಮೀರಬಾರದು, ಸ್ವಂತ ಬಳಕೆಗೇ ಇರಬೇಕು. ಹಕ್ಕು ಇದೆ ಅಂದಮಾತ್ರಕ್ಕೆ ಕೆಲಸ ಸಲೀಸು ಎಂದಲ್ಲ. "ಮೊದಲು ಭೂಪರಿವರ್ತನೆ ಮಾಡಿಸಿಕೊಂಡು ಬನ್ನಿ", ಅಂದರೆ ಕೃಷಿ ಜಮೀನನ್ನು ಕೃಷಿಯೇತರ ಎಂದು ಬದಲಿಸಿಕೊಂಡು ಬನ್ನಿ ಎಂಬ ಉತ್ತರ ನನ್ನ ಕೈಯಲ್ಲಿದ್ದ ಅರ್ಜಿಗಳಿಗೂ ಬಂದಿದೆ. ಆಗ ಜಗಳ ಬೇಡ. ಇದು ಕೃಷಿಕರ ವಾಸದ ಮನೆ, ಇಷ್ಟು ವರ್ಷದ ತೆರಿಗೆ ರಸೀದಿ ಇಲ್ಲಿದೆ, ಹಳೆ ಅಳತೆ ಇದು, ಸೇರಿಸುವುದು ಇಷ್ಟು ಚದರಡಿ ಎಂದು ಬರೆದು ಕೊಡಿ. ಬಾಯಲ್ಲಿ ಹೇಳಿದ 'ಆಗಲ್ಲ'ವನ್ನು ಹಿಡಿದು ಮನೆಗೆ ಬರಬೇಡಿ, ಲಿಖಿತ ಉತ್ತರ ಕೇಳಿ. ಆದರೆ ಆ ಎರಡು ಕೋಣೆ ಹೋಂಸ್ಟೇಗೆ ಎಂದಿದ್ದರೆ ಅದನ್ನು ಮುಚ್ಚಿಟ್ಟು ಕೃಷಿ ಮನೆ ಎಂದು ಬರೆಯಬೇಡಿ. ಅದರ ನಿಯಮವೇ ಬೇರೆ.

ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡು ಜಾಗವಾದ ಸೊಪ್ಪಿನ ಬೆಟ್ಟದ ಕಡೆಗೆ ಮನೆ ಬೆಳೆಸುವ ಆಸೆಯನ್ನಂತೂ ಬಿಟ್ಟುಬಿಡಿ. ಬೆಟ್ಟದಲ್ಲಿ ನಮಗಿರುವುದು ಸೊಪ್ಪು, ದರಗು (ಒಣ ಎಲೆ) ತರುವ ಹಕ್ಕು. ಮನೆ ಕಟ್ಟುವ ಹಕ್ಕಲ್ಲ.

ಇನ್ನು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಭಯ. 2024ರ ಕರಡು ಅಧಿಸೂಚನೆ ಬಂದ ಮೇಲೆ "ಹಂಚು ಬದಲಿಸೋಕೂ ಬಿಡಲ್ವಂತೆ" ಎಂದು ಹೇಳಿದವರಿದ್ದಾರೆ. ಕರಡು ತಡೆಯುವುದು 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡಗಳನ್ನು. ಈಗಿರುವ ವಾಸದ ಮನೆಗಳ ರಿಪೇರಿ, ವಿಸ್ತರಣೆ, ನವೀಕರಣಕ್ಕೆ ನಿರ್ಬಂಧವಿಲ್ಲ ಎಂದು ಅದರಲ್ಲೇ ಬರೆದಿದೆ. ನಿಜವಾಗಿ ಎಚ್ಚರ ಬೇಕಾದದ್ದು ಇಕ್ಕೇರಿಯ ಅಘೋರೇಶ್ವರ, ಬನವಾಸಿಯ ಮಧುಕೇಶ್ವರ ದೇವಸ್ಥಾನದಂಥ ಕೇಂದ್ರದ ರಕ್ಷಿತ ಸ್ಮಾರಕಗಳ ಹತ್ತಿರ. ಅಲ್ಲಿ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಇದ್ದ ಮನೆಗೆ ಮೇಲಕ್ಕೋ ಪಕ್ಕಕ್ಕೋ ಸೇರಿಸುವುದೂ ಕಾನೂನಿನಲ್ಲಿ ಹೊಸ ನಿರ್ಮಾಣವೇ. ಅನುಮತಿ ಪಡೆದು ರಿಪೇರಿ ಮಾಡಬಹುದು. ಅದರಾಚೆ ಇನ್ನೂ 200 ಮೀಟರ್ ತನಕ ಏನೇ ಕಟ್ಟುವುದಿದ್ದರೂ ಮೊದಲೇ ಒಪ್ಪಿಗೆ ಬೇಕು.

ಸಹಿಗಳ ವಿಷಯ. ಪಾಲಾಗದ ಆಸ್ತಿಯಾದರೆ ಅಣ್ಣತಮ್ಮಂದಿರು ಮಾತ್ರವಲ್ಲ, ಮದುವೆಯಾಗಿ ಹೋದ ಅಕ್ಕತಂಗಿಯರ ಒಪ್ಪಿಗೆಯನ್ನೂ ಬರೆಸಿಕೊಳ್ಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಅವರಿಗೂ ಸಮಪಾಲು ಇದೆ. ಕೆಲಸ ಶುರುವಾದ ಮೇಲೆ ಕೇಳಿದರೆ ಮನಸ್ಸು ಒಡೆಯುತ್ತದೆ.

ಕೊನೆಗೆ ಕಟ್ಟುವ ಮಾತು. ಮಣ್ಣಿನ ಗೋಡೆಯ ಬುಡಕ್ಕೆ ತಾಗಿಸಿ ಕಾಂಕ್ರೀಟ್ ಪಿಲ್ಲರಿಗೆ ಗುಂಡಿ ತೋಡಬೇಡಿ. ಹಳೆ ಪಾಯ ಆಳವಿರುವುದಿಲ್ಲ, ಪಕ್ಕದ ಮಣ್ಣು ಸಡಿಲವಾದರೆ ಗೋಡೆ ಬಿರುಕು ಬಿಡುತ್ತದೆ. ಆ ಗೋಡೆಗೆ ಸಿಮೆಂಟ್ ಗಾರೆಯೂ ಬೇಡ, ತೇವ ಹೊರಗೆ ಬರಲಾಗದೆ ಒಳಗೇ ಉಳಿಯುತ್ತದೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಹಂಚಿನ ಮಾಡಿಗೆ ಆರ್‌ಸಿಸಿ ತಾರಸಿ ಅಂಟಿಸುವುದು. ಮಾಡಿನ ನೀರೆಲ್ಲ ಆ ಸಂದಿಗೆ ಬಂದು ನಿಲ್ಲುತ್ತದೆ. ಎಷ್ಟು ಟಾರು ಸುರಿದರೂ ನಮ್ಮ ಆಷಾಢದ ಮಳೆ ಅಲ್ಲಿ ದಾರಿ ಮಾಡಿಕೊಳ್ಳುತ್ತದೆ. ಹಂಚು ಹೊರುವ ಮರದ ಪಕ್ಕಾಸು, ರೀಪು ಕೊಳೆಯುವುದು ಅಲ್ಲಿಂದಲೇ. ಹೊಸದನ್ನು ಸ್ವಲ್ಪ ದೂರ ಇಟ್ಟು, ನಡುವೆ ತಗ್ಗಾದ ಮಾಡಿನ ಒಂದು ಹಾದಿ ಕೊಡುವುದು ನನ್ನ ರೂಢಿ. ಹಳೆ ಸೂರಿನ ನೀರು ಹಳೆಯ ಜಾಗದಲ್ಲೇ ಬೀಳಲಿ.

ಸಾಗರದ ಆ ಮನೆಯಲ್ಲೂ ಹಾಗೇ ಮಾಡಿದೆವು. ಚಿಕ್ಕಪ್ಪನ ಪಾಲು ತಾಗದಂತೆ ಕೋಣೆಗಳನ್ನು ಹಿಂದುಗಡೆಯಿಂದ ಪೂರ್ವಕ್ಕೆ ಸರಿಸಿದೆವು. ಅರ್ಜಿ ಎರಡು ಸಲ ವಾಪಸು ಬಂತು, ಮೂರನೆಯ ಸಲಕ್ಕೆ ಲೈಸೆನ್ಸ್ ಸಿಕ್ಕಿತು. ಹಳೆ ಮನೆಯ ಅಳತೆಯೂ ಹೊಸ ಕೋಣೆಗಳ ಅಳತೆಯೂ ಇರುವ ನಕ್ಷೆಯ ಒಂದು ಪ್ರತಿಯನ್ನು ಅವರ ತಾಯಿ ಕೇಳಿ ತೆಗೆದುಕೊಂಡರು. ಅದನ್ನು ಜಮೀನಿನ ಹಳೆ ಪತ್ರಗಳ ಜೊತೆ ಅಟ್ಟದ ಪೆಟ್ಟಿಗೆಯಲ್ಲಿಟ್ಟರು.