ಡಿಸೈನ್ ಓದದವರು ಫ್ಯಾಷನ್ ಮರ್ಚಂಡೈಸರ್ ಆಗಬಹುದೇ?

ಪ್ರಶ್ನೆ: ನಾನು ಈ ವರ್ಷ ವಾಣಿಜ್ಯ ಪದವಿ ಮುಗಿಸಿದ್ದೇನೆ. ಬಟ್ಟೆಬರೆಯ ಬಗ್ಗೆ ಮೊದಲಿನಿಂದಲೂ ಆಸಕ್ತಿಯಿದೆ. ಆದರೆ ಫ್ಯಾಷನ್ ಡಿಸೈನ್ ಕಲಿತಿಲ್ಲ, ಚಿತ್ರ ಬಿಡಿಸಲೂ ಬರುವುದಿಲ್ಲ. ಫ್ಯಾಷನ್ ರೀಟೇಲ್‌ನ ಮರ್ಚಂಡೈಸಿಂಗ್ ವಿಭಾಗದಲ್ಲಿ ವೃತ್ತಿ ಕಟ್ಟಿಕೊಳ್ಳಲು ಸಾಧ್ಯವೇ? ಎಲ್ಲಿಂದ ಆರಂಭಿಸಲಿ?

ಉತ್ತರ: ಖಂಡಿತ ಸಾಧ್ಯ. ಚಿತ್ರ ಬಿಡಿಸಲು ಬಾರದಿರುವುದು ಈ ಕೆಲಸದಲ್ಲಿ ಕೊರತೆಯೇ ಅಲ್ಲ. ಲೆಕ್ಕವೆಂದರೆ ಬೇಸರ ಎನ್ನುವವರು ಮಾತ್ರ ಇನ್ನೊಮ್ಮೆ ಯೋಚಿಸಬೇಕು. ಉಡುಪು ಹೇಗಿರಬೇಕೆಂದು ಡಿಸೈನರ್ ನಿರ್ಧರಿಸುತ್ತಾರೆ. ಅದು ಎಷ್ಟು ಸಂಖ್ಯೆಯಲ್ಲಿ, ಯಾವ ಬಣ್ಣ ಮತ್ತು ಅಳತೆಗಳಲ್ಲಿ, ಯಾವ ಅಂಗಡಿಗೆ, ಯಾವ ವಾರ ಬರಬೇಕು, ಯಾವ ಬೆಲೆಗೆ ಮಾರಾಟವಾಗಬೇಕು, ಮಾರಾಟವಾಗದೆ ಉಳಿದರೆ ಯಾವಾಗ ಬೆಲೆ ಇಳಿಸಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವುದು ಮರ್ಚಂಡೈಸಿಂಗ್. ಒಂದೇ ಶರ್ಟನ್ನು 4 ಬಣ್ಣ, 5 ಅಳತೆಗಳಲ್ಲಿ ತಂದರೆ ಲೆಕ್ಕದ ಪುಸ್ತಕದಲ್ಲಿ ಅದು 20 ಬೇರೆ ಬೇರೆ ಸರಕು. 50 ಅಂಗಡಿಗಳಿಗೆ ಹಂಚುವ ಹೊತ್ತಿಗೆ 1,000 ಸಣ್ಣ ನಿರ್ಧಾರಗಳು ಮುಂದೆ ಬಂದು ನಿಲ್ಲುತ್ತವೆ.

ಅರ್ಜಿ ಹಾಕುವ ಮೊದಲು ಹುದ್ದೆಯ ವಿವರವನ್ನು ಪೂರ್ತಿ ಓದಿರಿ, ಏಕೆಂದರೆ ಮರ್ಚಂಡೈಸರ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಕೆಲಸಗಳಿವೆ. ಉಡುಪು ತಯಾರಿಸಿ ರಫ್ತು ಮಾಡುವ ಸಂಸ್ಥೆಯ ಮರ್ಚಂಡೈಸರ್ ಕೊಳ್ಳುವವರಿಗೂ ಕಾರ್ಖಾನೆಗೂ ನಡುವೆ ನಿಂತು, ಸ್ಯಾಂಪಲ್ ಒಪ್ಪಿಗೆಯಿಂದ ಹಿಡಿದು ಸರಕು ರವಾನೆಯವರೆಗೆ ಆರ್ಡರಿನ ಬೆನ್ನು ಹತ್ತಿ ಸಾಗುತ್ತಾರೆ. ವಿಷುಯಲ್ ಮರ್ಚಂಡೈಸರ್ ಅಂಗಡಿಯ ಗಾಜಿನ ಕಿಟಕಿ, ಮ್ಯಾನಿಕಿನ್ ಮತ್ತು ಕಪಾಟುಗಳ ಜೋಡಣೆಯನ್ನು ನೋಡಿಕೊಳ್ಳುತ್ತಾರೆ. ನೀವು ಕೇಳಿರುವ ರೀಟೇಲ್ ಮರ್ಚಂಡೈಸಿಂಗ್‌ನಲ್ಲಿ ಸರಕನ್ನು ಆಯ್ದು ಕೊಳ್ಳುವ ಬೈಯರ್, ಮಾರಾಟವನ್ನು ಅಂದಾಜಿಸಿ ಖರೀದಿಯ ಮಿತಿ ಹಾಕುವ ಪ್ಲಾನರ್, ಬಂದ ಸರಕನ್ನು ಅಂಗಡಿಗಳಿಗೆ ಹಂಚುವ ಅಲೊಕೇಟರ್ ಎಂಬ ಪಾತ್ರಗಳಿರುತ್ತವೆ. ಸಣ್ಣ ಸಂಸ್ಥೆಗಳಲ್ಲಿ ಈ ಮೂರನ್ನೂ ಒಬ್ಬರೇ ನಿಭಾಯಿಸುವುದುಂಟು.

ಈ ಕೆಲಸದಲ್ಲಿ ಲೆಕ್ಕ ಎಂದರೆ ಏನೆಂಬುದು ಒಂದು ಉದಾಹರಣೆಯಿಂದ ತಿಳಿಯುತ್ತದೆ. 12 ವಾರಗಳ ಸೀಸನ್‌ಗೆಂದು ಒಂದು ಶರ್ಟನ್ನು ಐದು ಅಳತೆಗಳಲ್ಲಿ ತಲಾ 120ರಂತೆ 600 ತರಿಸಲಾಗಿದೆ ಎಂದುಕೊಳ್ಳಿ. 6 ವಾರ ಕಳೆದಾಗ ಮಾರಾಟವಾದದ್ದು 210. ಅಂದರೆ ಸೆಲ್-ಥ್ರೂ, ಎಂದರೆ ತರಿಸಿದ ಸರಕಿನಲ್ಲಿ ಮಾರಾಟವಾದ ಪಾಲು, ಶೇ 35. ವಾರಕ್ಕೆ 35ರಂತೆ ಹೋಗುತ್ತಿರುವುದರಿಂದ, ಉಳಿದ 390 ಖಾಲಿಯಾಗಲು 11 ವಾರಕ್ಕಿಂತ ಹೆಚ್ಚು ಬೇಕು. ಕೈಯಲ್ಲಿರುವುದು 6 ವಾರ ಮಾತ್ರ. ಹೀಗೇ ಬಿಟ್ಟರೆ ಸೀಸನ್ ಮುಗಿದಾಗ 180 ಶರ್ಟುಗಳು ಗೋದಾಮಿನಲ್ಲಿ ಉಳಿಯುತ್ತವೆ. ಹೊಸಬರು ಇಲ್ಲಿ ತಕ್ಷಣ ರಿಯಾಯಿತಿಯ ಮಾತೆತ್ತುತ್ತಾರೆ. ಆದರೆ ಅಳತೆವಾರು ಬಿಡಿಸಿ ನೋಡಿದಾಗ ಎಮ್ 75, ಎಲ್ 70, ಎಸ್ 30, ಎಕ್ಸ್‌ಎಲ್ 25, ಡಬಲ್ ಎಕ್ಸ್‌ಎಲ್ 10 ಎಂದು ಕಂಡುಬಂತು ಎನ್ನೋಣ. ಆಗ ಶರ್ಟು ಜನರಿಗೆ ಹಿಡಿಸಿಲ್ಲ ಎಂದು ತೀರ್ಮಾನಿಸುವಂತಿಲ್ಲ. ಎಲ್ಲ ಅಳತೆಗಳನ್ನೂ ಸಮನಾಗಿ ತರಿಸಿದ್ದೇ ತಪ್ಪಾಗಿರಬಹುದು. ಇನ್ನೂ ಒಳಹೊಕ್ಕು ನೋಡಿದರೆ, ಚೆನ್ನಾಗಿ ಮಾರುವ ಅಂಗಡಿಯಲ್ಲಿ ಎಮ್ ಮುಗಿದು ಎರಡು ವಾರವಾಗಿದ್ದು, ವ್ಯಾಪಾರ ಮಂದವಿರುವ ಅಂಗಡಿಯಲ್ಲಿ ಅದೇ ಅಳತೆ ಕೈತಾಗದೆ ಕುಳಿತಿರಬಹುದು. ಹಾಗಿದ್ದಲ್ಲಿ ಮೊದಲು ಸರಕನ್ನು ಅಲ್ಲಿಂದ ಇಲ್ಲಿಗೆ ಸಾಗಿಸಬೇಕು. ಬೆಲೆ ಇಳಿಸುವ ಮಾತು ಆಮೇಲಿನದು.

ಈ ಕ್ರಮಕ್ಕೆ ಗಟ್ಟಿ ಕಾರಣವಿದೆ. 100ಕ್ಕೆ ಕೊಂಡದ್ದನ್ನು 250ಕ್ಕೆ ಮಾರಿದರೆ ಉಳಿಯುವುದು 150. ಶೇ 30ರ ರಿಯಾಯಿತಿ ಕೊಟ್ಟರೆ ಮಾರಾಟ ಬೆಲೆ 175ಕ್ಕೆ ಇಳಿದು, ಉಳಿಯುವುದು ಕೇವಲ 75. ಬೆಲೆ ಮೂರನೇ ಒಂದರಷ್ಟೂ ಇಳಿದಿಲ್ಲ, ಲಾಭ ಅರ್ಧಕ್ಕೆ ಕುಸಿದಿದೆ. ವಾಣಿಜ್ಯ ಓದಿದ ನಿಮಗೆ ಇದು ಸಲೀಸಾಗಿ ಅರ್ಥವಾಗುತ್ತದೆ, ಮತ್ತು ಇದೇ ನಿಮ್ಮ ಬಂಡವಾಳವೆಂದು ನಾನು ನಂಬುತ್ತೇನೆ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಅಂಗಡಿಯಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪದವಿ ಪಡೆದವರು ಮಾರಾಟ ಸಿಬ್ಬಂದಿಯಾಗಿ ಆರು ತಿಂಗಳು ನಿಲ್ಲುವುದನ್ನು ಹಿನ್ನಡೆ ಎಂದು ಭಾವಿಸುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಯಾವುದು ಮಾರಾಟವಾಯಿತು ಎಂದು ಕಂಪ್ಯೂಟರ್ ಹೇಳುತ್ತದೆ; ಗ್ರಾಹಕರು ಟ್ರಯಲ್ ರೂಮಿಗೆ ಒಯ್ದು, ತೊಟ್ಟು ನೋಡಿ, ತೋಳು ಬಿಗಿಯಾಯಿತೆಂದು ವಾಪಸ್ ಇಟ್ಟ ಉಡುಪಿನ ಸುದ್ದಿ ಯಾವ ವರದಿಯಲ್ಲೂ ಬರುವುದಿಲ್ಲ. ಕೇಳಿದ ಅಳತೆ ಸಿಗದೆ ಹೊರಟುಹೋದವರ ಲೆಕ್ಕವೂ ಅಲ್ಲಿರುವುದಿಲ್ಲ. ಇವೆರಡನ್ನೂ ಕಣ್ಣಾರೆ ಕಂಡವರು ಮುಂದೆ ಅಂಕಿಅಂಶಗಳನ್ನು ಓದುವ ರೀತಿಯೇ ಬೇರೆ.

ಅದರ ಜೊತೆಜೊತೆಗೇ ಎಕ್ಸೆಲ್ ಮೇಲೆ ಹಿಡಿತ ಬರಲಿ. ಎರಡು ಪಟ್ಟಿಗಳನ್ನು ಹೊಂದಿಸಿ ನೋಡುವುದು, ಪಿವಟ್ ಟೇಬಲ್‌ನಿಂದ ಅಂಗಡಿವಾರು ಮತ್ತು ಅಳತೆವಾರು ಮಾರಾಟ ಬಿಡಿಸುವುದು ಕೈಗೆ ಬಂದಿದ್ದರೆ ಮೊದಲ ಕೆಲಸಕ್ಕೆ ಸಾಕು. ಹತ್ತಿ, ಲಿನನ್, ವಿಸ್ಕೋಸ್, ಪಾಲಿಯೆಸ್ಟರ್ ಬಟ್ಟೆಗಳನ್ನು ಮುಟ್ಟಿ ಗುರುತಿಸುವುದನ್ನೂ, ನೇಯ್ದ ಬಟ್ಟೆಗೂ ಹೆಣೆದ ಬಟ್ಟೆಗೂ ಇರುವ ವ್ಯತ್ಯಾಸವನ್ನೂ ಕಲಿಯಿರಿ. ರೀಟೇಲ್ ಕ್ಯಾಲೆಂಡರ್ ಕೂಡ ತಿಳಿದಿರಲಿ: ಹಲವು ಸಂಸ್ಥೆಗಳು ಪ್ರತಿ ತ್ರೈಮಾಸಿಕವನ್ನು 4, 5, 4 ವಾರಗಳ ಮೂರು ತಿಂಗಳುಗಳಾಗಿ ವಿಂಗಡಿಸಿ 52 ವಾರಗಳ ವರ್ಷ ಮಾಡಿಕೊಳ್ಳುತ್ತವೆ. ಹೀಗೆ ಮಾಡಿದಾಗ ಈ ವರ್ಷದ ತಿಂಗಳಲ್ಲೂ ಹಿಂದಿನ ವರ್ಷದ ಅದೇ ತಿಂಗಳಲ್ಲೂ ವಾರಾಂತ್ಯಗಳ ಸಂಖ್ಯೆ ಒಂದೇ ಆಗಿದ್ದು, ಹೋಲಿಕೆ ನ್ಯಾಯವಾಗುತ್ತದೆ. 364 ದಿನಗಳ ಈ ವರ್ಷ ಹಿಂದೆ ಬೀಳದಂತೆ ಐದಾರು ವರ್ಷಕ್ಕೊಮ್ಮೆ 53ನೆಯ ವಾರ ಸೇರಿಸುತ್ತಾರೆ.

ಮೊದಲ ಹುದ್ದೆ ಸಾಮಾನ್ಯವಾಗಿ ಸಹಾಯಕ ಮರ್ಚಂಡೈಸರ್, ಅಲೊಕೇಟರ್ ಅಥವಾ ಟ್ರೈನಿಯದ್ದಾಗಿರುತ್ತದೆ. ಸೋಮವಾರ ಬೆಳಿಗ್ಗೆ ಹಿಂದಿನ ವಾರದ ಮಾರಾಟದ ವರದಿ ಸಿದ್ಧಪಡಿಸುವುದು, ಖರೀದಿ ಆದೇಶಗಳನ್ನು ದಾಖಲಿಸುವುದು, ತಡವಾದ ಸರಕಿಗಾಗಿ ಪೂರೈಕೆದಾರರನ್ನು ವಿಚಾರಿಸುವುದು ಇವೇ ಹೆಚ್ಚು. ವರದಿ ಕಳುಹಿಸುವಾಗ ಅದರ ಮೇಲೆ ಎರಡು ಸಾಲು ನಿಮ್ಮದಾಗಿ ಬರೆಯಿರಿ: ಈ ವಾರ ಏನು ಬದಲಾಯಿತು, ನಿಮ್ಮ ಲೆಕ್ಕದಲ್ಲಿ ಏಕೆ ಬದಲಾಯಿತು. ಆ ಊಹೆಯನ್ನು ಮುಂದಿನ ಸೋಮವಾರದ ಅಂಕಿಗಳೊಂದಿಗೆ ತಾಳೆ ನೋಡಿ, ತಪ್ಪಿದ್ದರೆ ಎಲ್ಲಿ ತಪ್ಪಿತೆಂದು ಬರೆದಿಟ್ಟುಕೊಳ್ಳಿ. ಮುಂದೆ ಖರೀದಿಯ ಸಭೆಗೆ ನಿಮ್ಮನ್ನು ಕರೆದಾಗ ಕೈಯಲ್ಲಿರಬೇಕಾದದ್ದು ಈ ಟಿಪ್ಪಣಿಯೇ.