ಭಾರ ಇದ್ದರೆ ಗ್ರಿಪ್ ಜಾಸ್ತಿ ಅಲ್ವಾ ಸರ್?

ಪ್ರಶ್ನೆ: ಹಳೆ ಮಾರುತಿ 800 ತಗೊಂಡು, ಬಾಡಿ ಬಿಚ್ಚಿ, ಪೈಪ್ ಫ್ರೇಮ್ ಹಾಕಿ ಕಮ್ಮಿ ಖರ್ಚಲ್ಲಿ ಒಂದು ಆಫ್-ರೋಡ್ ಬಗ್ಗಿ (ರಸ್ತೆ ಇಲ್ಲದ ಕಡೆ ಓಡೋ ಬರೀ ಫ್ರೇಮಿನ ಗಾಡಿ) ಮಾಡೋಣ ಅಂತಿದೀನಿ. ಆದ್ರೆ ಗಾಡಿ ಹಗುರ ಆದ್ರೆ ಕೆಸರಲ್ಲಿ ಚಕ್ರ ಸುಮ್ನೆ ಸುತ್ತಲ್ವಾ? ದಪ್ಪ ಕಬ್ಬಿಣ ಹಾಕಿ ತೂಕ ಕೊಟ್ರೆ ಒಳ್ಳೇದಲ್ವಾ?

ಉತ್ತರ: ನಾಗರಬಾವಿಯಿಂದ ಒಬ್ಬರು, ಹೊಸಕೋಟೆಯಿಂದ ಒಬ್ಬರು. ಮಳೆಗಾಲ ಶುರುವಾದರೆ ಸಾಕು, ಇದೇ ಪ್ರಶ್ನೆ ಬರುತ್ತದೆ. ಮೊದಲರ್ಧಕ್ಕೆ ಉತ್ತರ: ಧಾರಾಳವಾಗಿ ಆಗುತ್ತದೆ. ಎರಡನೇ ಅರ್ಧಕ್ಕೆ: ಬೇಡ, ದಯವಿಟ್ಟು ಬೇಡ.

ಮೊದಲರ್ಧ ಬೇಗ ಮುಗಿಸುತ್ತೇನೆ. 800 ಒಳ್ಳೆಯ ಆಯ್ಕೆ. 796 ಸಿಸಿ, ಮೂರು ಸಿಲಿಂಡರ್, 37 ಹಾರ್ಸ್‌ಪವರ್. 1983ರಿಂದ 2014ರ ತನಕ ಬಂದ ಗಾಡಿ, ಪಾರ್ಟ್ಸ್‌ಗೆ ಬರವಿಲ್ಲ. ಜೆ.ಸಿ. ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಸಿಗದ ಸಾಮಾನಿಲ್ಲ. ಆದರೆ ಇಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಇನ್ನೊಂದು ಕಡೆ ಅಂತ ಗುಜರಿಯಲ್ಲಿ ಬಿಡಿಬಿಡಿಯಾಗಿ ಕೊಳ್ಳಬೇಡಿ. ಓಡುತ್ತಿರುವ ಪೂರ್ತಿ ಗಾಡಿಯನ್ನೇ ತಗೊಳ್ಳಿ. ಒಳ್ಳೆ ಮೊಬೈಲ್ ಫೋನಿನ ಬೆಲೆಗೆ ಸಿಗುತ್ತದೆ. ವೈರಿಂಗ್, ಪೆಡಲ್, ರೇಡಿಯೇಟರ್, ನಟ್ಟು-ಬೋಲ್ಟು ಎಲ್ಲ ಜೊತೆಗೇ ಬರುತ್ತದೆ. ಬಿಚ್ಚುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಬಿಚ್ಚಿದ ಮೇಲೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಕ್ಯಾನ್ಸಲ್ ಮಾಡಿಸಿ. ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಇದಕ್ಕೆ 14 ದಿನ ಕೊಡುತ್ತದೆ. ಹಳೆ ಆರ್‌ಸಿ ಇಟ್ಟುಕೊಂಡು ಹೊಸ ಬಗ್ಗಿಯನ್ನು ರಿಂಗ್ ರೋಡಿಗೆ ಇಳಿಸುವ ಆಸೆ ಇದ್ದರೆ ಬಿಟ್ಟುಬಿಡಿ. ಇದು ತೋಟದಲ್ಲಿ, ಖಾಸಗಿ ಜಾಗದಲ್ಲಿ ಓಡಿಸುವ ಗಾಡಿ. ಅಲ್ಲಿಗೆ ಪಿಕಪ್ ಮೇಲೆ ಹೋಗಬೇಕು, ಪಿಕಪ್ ಮೇಲೇ ವಾಪಸ್ ಬರಬೇಕು.

ಈಗ ಭಾರದ ವಿಷಯ. ಎಷ್ಟು ಸಲ ಹೇಳಿದರೂ ಸಾಯದ ನಂಬಿಕೆ ಇದು.

ಚಕ್ರದ ಮೇಲೆ ಭಾರ ಬಿದ್ದಷ್ಟೂ ಹಿಡಿತ ಜಾಸ್ತಿ. ಇದು ನಿಜ, ಯಾರೂ ಇಲ್ಲ ಅನ್ನಲ್ಲ. ಆದರೆ ಆ ಭಾರವನ್ನು ದಿಬ್ಬ ಹತ್ತಿಸಬೇಕಾದ್ದೂ ಅದೇ ಚಕ್ರ ಅಲ್ವಾ? ಲೆಕ್ಕ ಹಾಕೋಣ. ಒಂದು ಗಾಡಿ 400 ಕೆಜಿ, ಇನ್ನೊಂದು 800 ಕೆಜಿ. ಎರಡರಲ್ಲೂ ತೂಕದ ನೂರಕ್ಕೆ 60 ಪಾಲು ಓಡಿಸುವ ಹಿಂದಿನ ಚಕ್ರಗಳ ಮೇಲಿದೆ ಅನ್ನಿ. ಅಂದರೆ ಒಂದರಲ್ಲಿ 240 ಕೆಜಿ, ಇನ್ನೊಂದರಲ್ಲಿ 480. ಒದ್ದೆ ನೆಲದಲ್ಲಿ ಭಾರದ ಅರ್ಧದಷ್ಟು ಹಿಡಿತ ಸಿಕ್ಕಿತು ಅಂದುಕೊಳ್ಳಿ: 120 ಮತ್ತು 240. ನಾಲ್ಕು ಅಡಿ ಮುಂದೆ ಹೋದರೆ ಒಂದು ಅಡಿ ಏರುವ ದಿಬ್ಬ ಗಾಡಿಯನ್ನು ಹೆಚ್ಚುಕಮ್ಮಿ ಅದರ ತೂಕದ ಕಾಲು ಭಾಗದಷ್ಟು ಹಿಂದಕ್ಕೆ ಎಳೆಯುತ್ತದೆ: 100 ಮತ್ತು 200. ಎರಡೂ ಹತ್ತುತ್ತವೆ. ದಿಬ್ಬ ಇನ್ನೂ ಕಡಿದಾದರೆ ಎರಡೂ ಒಂದೇ ಕಡೆ ನಿಲ್ಲುತ್ತವೆ. ಹೆಚ್ಚಿಗೆ ಹಾಕಿದ 400 ಕೆಜಿ ಕಬ್ಬಿಣದಿಂದ ಒಂದಿಂಚೂ ಲಾಭವಾಗಲಿಲ್ಲ. ಇದು ಗಟ್ಟಿ ನೆಲದ ಮಾತು. ಕೆಸರಲ್ಲಿ ಭಾರದ ಗಾಡಿ ಹೂತುಕೊಳ್ಳುತ್ತದೆ, ಹಗುರದ್ದು ಮೇಲೇ ದಾಟುತ್ತದೆ.

ಇಷ್ಟು ಹೇಳಿದ ತಕ್ಷಣ ಬರುವ ಮಾತು ನನಗೆ ಬಾಯಿಪಾಠ: "ಮತ್ತೆ ಟ್ರ್ಯಾಕ್ಟರ್ ಟೈರಿಗೆ ನೀರು ತುಂಬಿಸ್ತಾರಲ್ಲ ಸರ್?" ತುಂಬಿಸುತ್ತಾರೆ. ಯಾಕಂದರೆ ಟ್ರ್ಯಾಕ್ಟರ್ ನೇಗಿಲು ಎಳೆಯಬೇಕು. ನೇಗಿಲನ್ನು ಹಿಡಿದು ನಿಲ್ಲಿಸುವುದು ಮಣ್ಣು, ಟ್ರ್ಯಾಕ್ಟರಿನ ತೂಕ ಅಲ್ಲ. ಅಲ್ಲಿ ಭಾರ ಹೆಚ್ಚಿಸಿದರೆ ಹಿಡಿತ ಹೆಚ್ಚುತ್ತದೆ, ನೇಗಿಲಿನ ಎಳೆತ ಇದ್ದಷ್ಟೇ ಇರುತ್ತದೆ. ನಿಮ್ಮ ಬಗ್ಗಿ ಏನು ಎಳೆಯುತ್ತದೆ? ತನ್ನನ್ನು, ಮತ್ತೆ ನಿಮ್ಮನ್ನು. ಅಷ್ಟೇ. ಇನ್ನೊಂದು ವಿಷಯ: ಅದೇ ಟ್ರ್ಯಾಕ್ಟರನ್ನು ಭತ್ತದ ಗದ್ದೆಗೆ ಇಳಿಸುವಾಗ ಕಬ್ಬಿಣದ ಕೇಜ್ ವೀಲ್ (ಹೂತುಕೊಳ್ಳದಂತೆ ಹಾಕುವ ಪಂಜರದಂಥ ಅಗಲ ಚಕ್ರ) ಹಾಕುತ್ತಾರೆ. ನಾಟಿ ಸಮಯದಲ್ಲಿ ಮಂಡ್ಯ ಕಡೆ ಹೋದಾಗ ಗಮನಿಸಿ. ಭಾರದಿಂದಲೇ ಕೆಲಸ ಆಗುವಂತಿದ್ದರೆ ಅದು ಯಾಕೆ ಬೇಕಿತ್ತು?

ಎರಡನೇ ವಾದ, ಖಾಲಿ ಪಿಕಪ್. ಹಿಂದೆ ನಾಲ್ಕು ಮರಳು ಮೂಟೆ ಹಾಕಿದರೆ ಚಕ್ರ ಜಾರುವುದು ನಿಲ್ಲುತ್ತದೆ, ಸರಿ. ಇಂಜಿನ್ ಮುಂದೆ, ಓಡಿಸುವ ಚಕ್ರ ಹಿಂದೆ, ಹಿಂದೆ ಲೋಡ್ ಇಲ್ಲ. ಮೂಟೆ ಸರಿಮಾಡಿದ್ದು ತೂಕ ಎಲ್ಲಿದೆ ಅನ್ನುವುದನ್ನು. ಎಷ್ಟಿದೆ ಅನ್ನುವುದನ್ನಲ್ಲ. ಅದೇ ಮೂಟೆಗಳನ್ನು ಬಾನೆಟ್ ಮೇಲೆ ಇಟ್ಟು ನೋಡಿ.

ಇಂಜಿನ್ ಹಿಂದೆ ಇಡಿ ಅಂತ ನಾನು ಹೇಳುತ್ತಲೇ ಇರುವುದು ಇದಕ್ಕೇ. 1964ರಲ್ಲಿ ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್ ಫೋಕ್ಸ್‌ವ್ಯಾಗನ್ ಬೀಟಲ್‌ನ ಸಾಮಾನು ಹಾಕಿ ಮೇಯರ್ಸ್ ಮ್ಯಾಂಕ್ಸ್ ಅನ್ನುವ ಫೈಬರ್‌ಗ್ಲಾಸ್ ಬಗ್ಗಿ ಮಾಡಿದ. ಫೋರ್ ವೀಲ್ ಡ್ರೈವ್ ಇಲ್ಲ, ದೊಡ್ಡ ಇಂಜಿನ್ ಇಲ್ಲ. ಇದ್ದ ಸಣ್ಣ ಇಂಜಿನ್ ಹಿಂದಿನ ಚಕ್ರದ ಮೇಲೆ ಕೂತಿತ್ತು. 1967ರಲ್ಲಿ ಮೆಕ್ಸಿಕೋದ ಮರಳುಗಾಡಿನ ರೇಸನ್ನು ಅಂಥದ್ದೇ ಒಂದು ಬಗ್ಗಿ ಗೆದ್ದಿತು.

800ರಲ್ಲಿ ಇದನ್ನು ಮಾಡುವುದು ಸುಲಭ. ಇಂಜಿನ್, ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್, ಚಕ್ರ ಎಲ್ಲ ಸೇರಿ ಮುಂಭಾಗದ ಇಡೀ ಸೆಟ್ಟನ್ನು ಹಾಗೇ ಹಿಂದಕ್ಕೆ ತನ್ನಿ. ಸ್ಟೀರಿಂಗ್ ರ‍್ಯಾಕ್ ತೆಗೆದು, ಚಕ್ರವನ್ನು ತಿರುಗಿಸುವ ಟೈ ರಾಡ್‌ನ ಒಳತುದಿಯನ್ನು ಫ್ರೇಮಿಗೆ ಬೋಲ್ಟ್ ಮಾಡಿ. ಹಿಂದಿನ ಚಕ್ರ ಅಲ್ಲಾಡದೆ ನೇರ ನಿಲ್ಲುತ್ತದೆ. ಸೆಟ್ಟನ್ನು ಮಾತ್ರ ಹಿಂದುಮುಂದಾಗಿ ತಿರುಗಿಸಿ ಕೂರಿಸಬೇಡಿ. ಹಾಗೆ ಮಾಡಿದರೆ ರಿವರ್ಸ್‌ಗೆ ನಾಲ್ಕು ಗೇರ್, ಮುಂದಕ್ಕೆ ಒಂದೇ.

ಇನ್ನು ದಪ್ಪ ಕಬ್ಬಿಣ. 25 ಮಿಮೀ ಗಟ್ಟಿ ಸರಳು ಮೀಟರಿಗೆ 3.85 ಕೆಜಿ ತೂಗುತ್ತದೆ. 32 ಮಿಮೀ ಹೊರಗಿನ ಅಳತೆ, 2 ಮಿಮೀ ದಪ್ಪದ ಪೈಪ್ ತೂಗುವುದು ಮೀಟರಿಗೆ ಒಂದೂವರೆ ಕೆಜಿ. ಬಾಗದೆ ಬಿಗಿಯಾಗಿ ನಿಲ್ಲುವುದರಲ್ಲಿ ಈ ಪೈಪೇ ಮೇಲು! ಲೋಹ ನಡುವಿನಿಂದ ದೂರ ಇದ್ದಷ್ಟೂ ಬಿಗಿ ಜಾಸ್ತಿ. ನಮ್ಮ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಬಾಹಾ ಸ್ಪರ್ಧೆಗೆ ಮಾಡುವ ಬಗ್ಗಿಗಳೂ ಪೈಪಿನವೇ. ಸೀಮ್‌ಲೆಸ್ ಪೈಪ್ (ಉದ್ದಕ್ಕೂ ಜೋಡಣೆಯ ಗೆರೆ ಇಲ್ಲದ್ದು) ತಗೊಳ್ಳಿ, ಬೆಂಡಿಂಗ್‌ಗೆ ಪೀಣ್ಯಕ್ಕೆ ಹೋಗಿ. ನೀರಿನ ಜಿಐ ಪೈಪ್ ಮಿಕ್ಕಿದೆ ಅಂತ ಅದನ್ನು ಹಾಕಬೇಡಿ. ಅದರ ಸತುವಿನ ಲೇಪ ವೆಲ್ಡಿಂಗ್ ಬಿಸಿಗೆ ಹೊಗೆಯಾಗುತ್ತದೆ. ಆ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ. ಗಾಡಿ ಮಗುಚಿದರೆ ತಲೆ ಕಾಯುವ ರೋಲ್ ಕೇಜ್ ವೆಲ್ಡಿಂಗನ್ನು ಗೇಟು, ಗ್ರಿಲ್ ಮಾಡುವವರ ಕೈಗೆ ಕೊಡಬೇಡಿ. ದುಡ್ಡು ಉಳಿಸುವ ಜಾಗ ಅದಲ್ಲ. ಸೀಟ್ ಬೆಲ್ಟೂ ಅಲ್ಲ.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಒಂದಿದೆ: ಗಾಡಿ ಹಗುರಾದ ಮೇಲೆ ಸ್ಪ್ರಿಂಗ್ ಏನಾಗುತ್ತದೆ? ಹಿಂದೆ ತೊಂದರೆ ಕಮ್ಮಿ. ಅಲ್ಲಿಗೆ ಬಂದ ಸ್ಪ್ರಿಂಗ್ ಮೊದಲೂ ಇಂಜಿನ್ನನ್ನೇ ಹೊರುತ್ತಿತ್ತು. ಮುಂದೆ ಈಗ ಇರುವುದು ಪೆಡಲ್, ಸ್ಟೀರಿಂಗ್, ನಿಮ್ಮ ಕಾಲು. ಅಲ್ಲಿಗೆ ಕಾರಿನ ಸ್ಪ್ರಿಂಗ್ ಹಾಕಿದರೆ ಅದು ಜಗ್ಗುವುದೇ ಇಲ್ಲ. ಗುಂಡಿ ಬಂದರೆ ಚಕ್ರ ಕೆಳಗಿಳಿಯದೆ ಗಾಳಿಯಲ್ಲಿ ತೇಲುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಇದನ್ನೂ ಜನ "ನೋಡಿ, ಹಗುರ ಆಗಿದ್ದಕ್ಕೇ ಹೀಗೆ" ಅನ್ನುತ್ತಾರೆ! ಮುಂದಕ್ಕೆ ಬೈಕಿನ ಶಾಕ್ ಅಬ್ಸಾರ್ಬರ್ ಸಾಕು. ನೀವು ಬೆಲ್ಟ್ ಹಾಕಿ ಕೂತಾಗ ಚಕ್ರದ ಒಟ್ಟು ಏರಿಳಿತದಲ್ಲಿ ಮೂರನೇ ಒಂದು ಭಾಗದಷ್ಟು ಕೆಳಗೆ ಕೂರಬೇಕು. ಟೇಪ್ ಹಿಡಿದು ಅಳೆಯಿರಿ. ಕೂರದಿದ್ದರೆ ಗ್ಯಾರೇಜಿನಲ್ಲಿ ಯಾರಾದರೂ "ಸ್ಪ್ರಿಂಗ್ ಒಂದು ಸುತ್ತು ಕಟ್ ಮಾಡಿಬಿಡೋಣ, ಮೆತ್ತಗಾಗುತ್ತೆ" ಅಂತ ಕಟಿಂಗ್ ಮಷಿನ್ ಎತ್ತಿಕೊಳ್ಳುತ್ತಾರೆ. ತಡೆಯಿರಿ. ಸುತ್ತು ಕಮ್ಮಿಯಾದರೆ ಗಾಡಿ ಕೆಳಗಿಳಿಯುತ್ತದೆ ನಿಜ, ಆದರೆ ಸ್ಪ್ರಿಂಗ್ ಇನ್ನೂ ಗಟ್ಟಿಯಾಗುತ್ತದೆ. ಮೆತ್ತಗೆ ಬೇಕಿದ್ದರೆ ತೆಳು ತಂತಿಯ ಸ್ಪ್ರಿಂಗ್ ಹುಡುಕಿ. ಇಲ್ಲವೇ ಶಾಕನ್ನು ಇನ್ನಷ್ಟು ಓರೆಯಾಗಿ ಕೂರಿಸಿ.