ಕಂಬಿಗಳ ಸಂದು ಸಮ ಬರಬೇಕಾದರೆ

ದಾವಣಗೆರೆಯಲ್ಲಿ ಮನೆಗಳ ಡ್ರಾಯಿಂಗ್ ಮಾಡುವುದು ನನ್ನ ಕೆಲಸ. ಓದು ಮುಗಿಸಿ ನಮ್ಮ ಆಫೀಸಿಗೆ ಬರುವ ಹುಡುಗ ಹುಡುಗಿಯರಿಗೆ ಕಂಪ್ಯೂಟರಿನಲ್ಲಿ 3ಡಿ ಡ್ರಾಯಿಂಗ್ ಮಾಡುವ ಸಾಫ್ಟ್‌ವೇರ್ ಆದ ಸ್ಕೆಚ್‌ಅಪ್ ಚೆನ್ನಾಗಿಯೇ ಬರುತ್ತದೆ. ಆದರೆ ಎರಡು ಗೋಡೆ ನಡುವೆ ಬಾಲ್ಕನಿ ಕಂಬಿ ಕೂರಿಸಿ ಅಂದ ಕೂಡಲೇ ತಡವರಿಸುತ್ತಾರೆ. ಕೊನೆಯ ಸಂದು ಚಿಕ್ಕದಾಗುತ್ತದೆ, ಇಲ್ಲಾ ಒಂದು ಕಂಬಿ ಗೋಡೆಯೊಳಗೆ ಹೋಗಿಬಿಡುತ್ತದೆ.

ವಿದ್ಯಾನಗರದ ಕಡೆ ಒಂದು ಮನೆ ಅಂದುಕೊಳ್ಳಿ. ಗೋಡೆಯಿಂದ ಗೋಡೆಗೆ 3000 ಮಿ.ಮೀ. ಕಂಬಿ 12 ಮಿ.ಮೀ. ಚೌಕದ್ದು. ಸಂದು 100 ಮಿ.ಮೀ. ದಾಟಬಾರದು, ಮಗುವಿನ ತಲೆ ತೂರುವಷ್ಟು ಜಾಗ ಇರಲೇಬಾರದು. ಈ ವಿಷಯದಲ್ಲಿ ಯಾರು ಹೇಳಿದರೂ ನಾನು ಒಪ್ಪುವುದಿಲ್ಲ.

ಮೊದಲು ಸಂದು ಎಣಿಸಿ, ಕಂಬಿ ಆಮೇಲೆ. ಎರಡೂ ಕಡೆ ಗೋಡೆ ಇದ್ದರೆ ಕಂಬಿಗಿಂತ ಸಂದು ಒಂದು ಜಾಸ್ತಿ ಅಲ್ವಾ? ಒಂದು ಸಂದು, ಒಂದು ಕಂಬಿ ಸೇರಿ 112. ಕೊನೆಯ ಸಂದಿಗೆ ಜೋಡಿ ಕಂಬಿ ಇಲ್ಲ. ಅದಕ್ಕೇ ಒಟ್ಟು ಅಳತೆಗೆ ಒಂದು ಕಂಬಿಯ ದಪ್ಪ ಸೇರಿಸಿ 3012 ಮಾಡಿಕೊಳ್ಳಿ. ಅದನ್ನು 112ರಿಂದ ಭಾಗಿಸಿದರೆ 26.89 ಬರುತ್ತದೆ. ಮೇಲಕ್ಕೆ ಏರಿಸಿದರೆ 27 ಸಂದು, 26 ಕಂಬಿ.

ಈಗ ಸ್ಕೆಚ್‌ಅಪ್‌ಗೆ ಬನ್ನಿ. ಒಂದು ಕಂಬಿ ಬರೆದು ಕಾಂಪೊನೆಂಟ್ ಮಾಡಿ. ನಾಳೆ ದಪ್ಪ ಬದಲಾದರೆ ಒಂದನ್ನು ತಿದ್ದಿದರೆ ಎಲ್ಲವೂ ಬದಲಾಗುತ್ತವೆ. ಅದನ್ನು ಎಡಗೋಡೆಯ ಒಳಗೇ ಇಡಿ, ಅದರ ಬಲಮೈ ಗೋಡೆಯ ಮೈಗೆ ಸರಿಯಾಗಿ ಕೂರಲಿ. ಮೂವ್ ಟೂಲ್ ಹಿಡಿದು ಕಂಟ್ರೋಲ್ ಒತ್ತಿ ಬಲಕ್ಕೆ ಎಳೆಯಿರಿ, 3012 ಟೈಪ್ ಮಾಡಿ ಎಂಟರ್ ಒತ್ತಿ. ನಕಲು ಬಲಗೋಡೆಯ ಒಳಗೆ ಹೋಗಿ ಕೂರುತ್ತದೆ. ಬೇರೇನನ್ನೂ ಮುಟ್ಟದೆ /27 ಅಂತ ಟೈಪ್ ಮಾಡಿ ಮತ್ತೆ ಎಂಟರ್ ಒತ್ತಿ. ನಡುವೆ ಕಂಬಿಗಳು ತುಂಬಿಕೊಳ್ಳುತ್ತವೆ. ಗೋಡೆಯೊಳಗಿನ ಎರಡನ್ನೂ ಅಳಿಸಿಬಿಡಿ. ಉಳಿದ 26ರ ನಡುವೆ, ಗೋಡೆ ಪಕ್ಕದಲ್ಲೂ ಸೇರಿ, ಎಲ್ಲಾ ಸಂದು 99.56.

ಭಾಗಿಸುವ ಬದಲು *5 ಅಂತ ಕೊಟ್ಟರೆ ಮೊದಲ ನಕಲಿನ ದೂರವೇ ಐದು ಸಲ ಮುಂದುವರಿಯುತ್ತದೆ. ಕಾಂಪೌಂಡ್ ಕಂಬಗಳಿಗೆ ಅದು ಸರಿ. ದುಂಡು ಮಂಟಪಕ್ಕೆ ಆರು ಕಂಬ ಬೇಕಾದರೆ ರೊಟೇಟ್ ಟೂಲಿನಲ್ಲಿ 60 ಡಿಗ್ರಿಗೆ ಒಂದು ನಕಲು ಮಾಡಿ *5 ಕೊಡಿ. 360ನ್ನು ಆರರಿಂದ ಭಾಗಿಸಲು ಹೋದರೆ ಮೊದಲ ಕಂಬದ ಮೇಲೆ ಇನ್ನೊಂದು ಕಂಬ ಕೂರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮಾಲಿನ ಲೆಕ್ಕದಲ್ಲಿ ಮಾತ್ರ ಏಳು ಬರುತ್ತದೆ.

ಡ್ರಾಯಿಂಗ್ ವೆಲ್ಡಿಂಗ್ ಅಂಗಡಿಗೆ ಹೋಗುವಾಗ ಇನ್ನೂ ಒಂದು ತೊಡಕಿದೆ. ಒಂದು ಕಂಬಿಯ ಎಡಮೈಯಿಂದ ಮುಂದಿನದರ ಎಡಮೈಗೆ ಅಳತೆ 111.56. ಟೇಪಿನಲ್ಲಿ ಅಷ್ಟು ಸೂಕ್ಷ್ಮ ಗುರುತು ಇರುವುದಿಲ್ಲ. ವೆಲ್ಡರ್ ಸುಮ್ನೆ 112 ಅಂತ ಹಿಡಿದು, ಒಂದರ ಪಕ್ಕ ಒಂದು ಅಳೆಯುತ್ತಾ ಹೋಗುತ್ತಾನೆ. ಒಂದೊಂದರಲ್ಲೂ ಅರ್ಧ ಮಿ.ಮೀ.ಗಿಂತ ಕಡಿಮೆ ವ್ಯತ್ಯಾಸ. ಆದರೆ ಎಲ್ಲಾ ಕೂಡಿ ಕೊನೆಯ ಸಂದು 88ಕ್ಕೆ ಇಳಿಯುತ್ತದೆ. ಬಾಗಿಲು ತೆಗೆದ ಕೂಡಲೇ ಅದು ಕಣ್ಣಿಗೆ ಹೊಡೆಯುತ್ತದೆ. ಅದಕ್ಕೇ ನಾನು ಎಡಗೋಡೆಯಿಂದ ಪ್ರತಿ ಕಂಬಿಯ ಎಡಮೈಗೆ ಒಟ್ಟು ಅಳತೆ ಬರೆದುಕೊಡುತ್ತೇನೆ: 100, 211, 323, 434, ಹೀಗೆ 2888ರವರೆಗೆ. ಟೇಪನ್ನು ಒಂದೇ ಸಲ ಎಳೆದು ಎಲ್ಲಾ ಗುರುತು ಹಾಕಿಕೊಂಡರೆ ಯಾವ ಸಂದೂ 99ಕ್ಕಿಂತ ಕೆಳಗೆ ಇಳಿಯದು, 100 ದಾಟದು.